ಕೌಂಟ್ ಸ್ಫೋರ್ಜಾ: ಬಿಡಲು ಬಲ್ಲ ಮುತ್ಸದ್ದಿ

ರಾಯಭಾರಿ ಎಂದೊಡನೆ, ಹೋದ ಕಡೆಯಿಂದ ಏನನ್ನಾದರೂ ಗಳಿಸಿಕೊಂಡು ಬರುವವನ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಒಂದು ಬಂದರನ್ನೊ, ಒಂದು ಸೀಮೆಯನ್ನೊ, ಏನೂ ಇಲ್ಲವೆಂದರೆ ಒಡಂಬಡಿಕೆಯಲ್ಲಿ ತನ್ನ ದೊರೆಗೆ ಅನುಕೂಲವಾದ ಒಂದು ವಾಕ್ಯವನ್ನೊ ಸಂಪಾದಿಸಿ ತಂದವನು ಚತುರ; ಬರಿಗೈಯಲ್ಲಿ ಬಂದವನು ಅಸಮರ್ಥ; ಇದ್ದುದನ್ನು ಬಿಟ್ಟುಕೊಟ್ಟು ಬಂದವನಂತೂ ದ್ರೋಹಿ. ಲೋಕದ ತಕ್ಕಡಿ ಇಷ್ಟು ಸರಳವಾದದ್ದು. ಆದರೆ ಉದ್ಯೋಗಪರ್ವದ ಕಥೆಯನ್ನು ಕೇಳಿ ಬೆಳೆದ ನಮಗೆ ಇನ್ನೊಂದು ತೂಕವೂ ಗೊತ್ತು. ಅರ್ಧ ರಾಜ್ಯಕ್ಕೆ ಹಕ್ಕುಳ್ಳವರು ಐದು ಊರುಗಳಿಗೆ ಇಳಿದು ಸಂಧಿಯನ್ನು ಬಯಸಿದರು. ಅಷ್ಟನ್ನೂ ಬಿಡಲಾರದವರು ಹದಿನೆಂಟು ದಿನಗಳಲ್ಲಿ ಎಲ್ಲವನ್ನೂ ಬಿಟ್ಟುಹೋದರು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ರಾಜನೀತಿಯ ತಿರುಳೆನ್ನುವುದಾದರೆ, ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಆ ವಿವೇಕಕ್ಕೆ ಬೆಲೆ ತೆತ್ತು ಬದುಕಿದವರಲ್ಲಿ ಇಟಲಿಯ ಕೌಂಟ್ ಕಾರ್ಲೊ ಸ್ಫೋರ್ಜಾ ಒಬ್ಬನು.

ಇಟಲಿಯ ಇತಿಹಾಸವೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಮ್ಯಾಜಿನಿ, ಗ್ಯಾರಿಬಾಲ್ಡಿ, ಕವೂರ್ ಎಂಬ ತ್ರಿಮೂರ್ತಿಗಳ ಇತಿಹಾಸ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈ ಹೆಸರುಗಳು ಭಾರತದ ವಿದ್ಯಾವಂತರಲ್ಲಿ ಮನೆಮಾತಾಗಿದ್ದವು. ಅಲ್ಲಿಂದ ಮುಂದಕ್ಕೆ ಒಂದೇ ನೆಗೆತಕ್ಕೆ ಮುಸೊಲಿನಿಗೆ ಬಂದುಬಿಡುತ್ತೇವೆ. ಹಲವು ವರ್ಷಗಳಿಂದ ಯೂರೋಪಿನ ಚರಿತ್ರೆಯನ್ನು ಓದುತ್ತ, ಓದಿಸುತ್ತ ಬಂದಿರುವ ನನಗೆ ಈ ನೆಗೆತ ಅಷ್ಟು ಹಿತವಾಗಿ ಕಂಡಿಲ್ಲ. ನಡುವೆ ಬಿದ್ದುಹೋದವರಲ್ಲಿ ಕವೂರನ ದಾರಿಯನ್ನು ಬಿಡದೆ ಹಿಡಿದವರೂ ಇದ್ದರು, ಮುಸೊಲಿನಿಯ ದಾರಿಯನ್ನು ಮೊದಲ ದಿನವೇ ಬೇಡವೆಂದವರೂ ಇದ್ದರು. ಸ್ಫೋರ್ಜಾ ಈ ಎರಡೂ ಗುಂಪಿಗೆ ಸೇರಿದವನು. ಆದುದರಿಂದಲೇ ಅವನ ಜೀವನವನ್ನು ವಾಚಕರ ಮುಂದಿಡಬೇಕೆಂದು ನನಗೆ ಅನ್ನಿಸಿತು.

ಸ್ಫೋರ್ಜಾ ಎಂಬ ಹೆಸರಿಗೆ ಇಟಲಿಯಲ್ಲಿ ದೊಡ್ಡ ನೆರಳಿದೆ. ಕೂಲಿಸೈನ್ಯದ ನಾಯಕನೊಬ್ಬನಿಗೆ ಅವನ ಬಲವನ್ನು ಮೆಚ್ಚಿ ಕೊಟ್ಟ ಅಡ್ಡಹೆಸರು ಅದು. ಅವನ ಮಗ ಫ್ರಾಂಚೆಸ್ಕೊ ೧೪೫೦ರಲ್ಲಿ ಮಿಲಾನಿನ ಡ್ಯೂಕನಾದನು. ಆ ವಂಶದ ಲುದೊವಿಕೊನ ಆಶ್ರಯದಲ್ಲಿಯೇ ಲಿಯೊನಾರ್ದೊ ದ ವಿಂಚಿ ಕಡೆಯ ಭೋಜನದ ಚಿತ್ರವನ್ನು ಮಿಲಾನಿನ ಮಠದ ಗೋಡೆಯ ಮೇಲೆ ಬರೆದದ್ದು. ನಮ್ಮ ಕಥಾನಾಯಕನು ಈ ಮನೆತನದ ಒಂದು ಕಿರುಗವಲಿಗೆ ಸೇರಿದವನು. ೧೮೭೦ರ ದಶಕದ ಆರಂಭದಲ್ಲಿ ಟಸ್ಕನಿ ಸೀಮೆಯಲ್ಲಿ ಅವನು ಹುಟ್ಟಿದಾಗ ಡ್ಯೂಕರ ವೈಭವ ಅಳಿದು ಮುನ್ನೂರು ವರ್ಷಗಳ ಮೇಲಾಗಿತ್ತು. ತಂದೆ ಜೊವಾನ್ನಿ ಸ್ಫೋರ್ಜಾ ಖಡ್ಗ ಹಿಡಿದವನಲ್ಲ. ದಫ್ತರಖಾನೆಯ ಹಳೆಯ ಕಾಗದಪತ್ರಗಳ ನಡುವೆ ಬದುಕಿದ ವಿದ್ವಾಂಸ, ಇತಿಹಾಸಕಾರ. ಮನೆತನದ ಹೆಮ್ಮೆ ಹೆಸರಿನಿಂದ ಬಂದಿತು. ಆ ಹೆಮ್ಮೆಯನ್ನು ಶೋಧಿಸಿ ನೋಡುವ ಬುದ್ಧಿ ತಂದೆಯಿಂದ ಬಂದಿತು. ಎರಡೂ ಮಗನಲ್ಲಿ ಕಡೆಯವರೆಗೆ ಉಳಿದವು. ಅವನಲ್ಲಿ ಜಂಬವಿತ್ತೆಂದು ಶತ್ರುಗಳು ಹೇಳಿದರು, ಮಿತ್ರರೂ ಅಲ್ಲಗಳೆಯಲಿಲ್ಲ. ಆದರೆ ಆ ಜಂಬ ಒಮ್ಮೊಮ್ಮೆ ಬೆನ್ನುಮೂಳೆಯ ಕೆಲಸವನ್ನೂ ಮಾಡಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಪೀಸಾ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಓದಿದ ತರುಣ ೧೮೯೬ರಲ್ಲಿ ರಾಯಭಾರ ಶಾಖೆಯನ್ನು ಸೇರಿದನು. ಕೈರೊ, ಪ್ಯಾರಿಸ್, ಕಾನ್‌ಸ್ಟಾಂಟಿನೋಪಲ್, ಪೀಕಿಂಗ್, ಮ್ಯಾಡ್ರಿಡ್, ಲಂಡನ್ ಹೀಗೆ ಊರಿಂದೂರಿಗೆ ಅಲೆದನು. ೧೯೦೬ರಲ್ಲಿ ಮೊರಾಕ್ಕೊ ದೇಶದ ವಿಷಯವಾಗಿ ಅಲ್ಜೆಸಿರಾಸ್ ಎಂಬಲ್ಲಿ ಸಮ್ಮೇಳನ ನಡೆದಾಗ, ಇಟಲಿಯ ಪ್ರತಿನಿಧಿಯಾಗಿ ಹೋದ ವೃದ್ಧ ಮಾರ್ಕ್ವಿಸ್ ವಿಸ್ಕೊಂತಿ ವೆನೊಸ್ತ ಇವನನ್ನು ಆಪ್ತ ಕಾರ್ಯದರ್ಶಿಯಾಗಿ ಕರೆದೊಯ್ದನು. ವಿಸ್ಕೊಂತಿ ವೆನೊಸ್ತ ಇಟಲಿಯ ಏಕೀಕರಣವನ್ನು ಕಣ್ಣಾರೆ ಕಂಡವನು, ಹಲವು ಸಲ ವಿದೇಶಾಂಗ ಮಂತ್ರಿಯಾಗಿದ್ದವನು, ಕಡಮೆ ಮಾತಿನವನು. ಅತ್ತ ಜರ್ಮನಿಯೊಡನೆ ಮೈತ್ರಿಯ ಒಪ್ಪಂದ, ಇತ್ತ ಫ್ರಾನ್ಸಿಗೆ ಕೊಟ್ಟ ಮಾತು. ಇವೆರಡರ ನಡುವೆ ಯಾರನ್ನೂ ಕೆರಳಿಸದೆ ನಡೆಯಬೇಕಾಗಿದ್ದ ಆ ಸಭೆ ತರುಣನಿಗೆ ಗುರುಕುಲವಾಯಿತು. ಗಟ್ಟಿಯಾಗಿ ಕೂಗುವ ರಾಷ್ಟ್ರಕ್ಕಿಂತ ಮಾತನ್ನು ಉಳಿಸಿಕೊಳ್ಳುವ ರಾಷ್ಟ್ರ ಹೆಚ್ಚು ದೂರ ಹೋಗುತ್ತದೆ ಎಂಬ ಪಾಠ ಅವನ ಮುಂದಿನ ನಡೆಯಲ್ಲೆಲ್ಲ ಕಾಣುತ್ತದೆ.

ಮುದಿ ಸಾಮ್ರಾಜ್ಯಗಳು ಕುಸಿದುಬೀಳುವುದನ್ನು ಹತ್ತಿರದಿಂದ ನೋಡುವ ಯೋಗ ಈ ರಾಯಭಾರಿಗೆ ಮತ್ತೆ ಮತ್ತೆ ಬಂದಿತು. ೧೯೦೮ರಲ್ಲಿ ತರುಣ ತುರ್ಕರು ಸುಲ್ತಾನನ ಕೈಕಟ್ಟಿದಾಗ ಅವನು ಕಾನ್‌ಸ್ಟಾಂಟಿನೋಪಲಿನಲ್ಲಿದ್ದನು. ೧೯೧೧ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೋದನು. ಮರುವರ್ಷದ ಫೆಬ್ರವರಿಯಲ್ಲಿ ಬಾಲಕ ಚಕ್ರವರ್ತಿ ಪಟ್ಟವನ್ನು ತ್ಯಜಿಸಿ, ಮಂಚು ವಂಶದ ಆಳ್ವಿಕೆ ಮುಗಿದು, ಗಣರಾಜ್ಯ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಸರ್ಬಿಯ ದೇಶವನ್ನು ಶತ್ರುಗಳು ತುಳಿದಾಗ, ಅದರ ಸೈನ್ಯವೂ ಸರ್ಕಾರವೂ ಚಳಿಗಾಲದಲ್ಲಿ ಆಲ್ಬೇನಿಯದ ಬೆಟ್ಟಗಳನ್ನು ದಾಟಿ ಸಮುದ್ರವನ್ನು ಸೇರಿ ಗ್ರೀಸಿನ ಕೊರ್ಫು ದ್ವೀಪದಲ್ಲಿ ನೆಲೆ ನಿಂತವು. ಆ ನೆಲವಿಲ್ಲದ ಸರ್ಕಾರದ ಬಳಿಗೆ ಇಟಲಿ ಕಳುಹಿಸಿದ ರಾಯಭಾರಿ ಸ್ಫೋರ್ಜಾ.

ಕೊರ್ಫು ದ್ವೀಪದ ಆ ವರ್ಷಗಳೇ ಅವನ ಮುಂದಿನ ಬಾಳನ್ನು ತಿದ್ದಿದವೆಂದು ನನ್ನ ಎಣಿಕೆ. ೧೯೧೫ರಲ್ಲಿ ಲಂಡನ್ನಿನ ರಹಸ್ಯ ಒಪ್ಪಂದದ ಮೂಲಕ ಮಿತ್ರರಾಷ್ಟ್ರಗಳು ಇಟಲಿಗೆ ಏಡ್ರಿಯಾಟಿಕ್ ಸಮುದ್ರದ ಆಚೆ ದಡದ ದಾಲ್ಮೇಶಿಯದಲ್ಲಿ ದೊಡ್ಡ ಭಾಗವನ್ನು ಕೊಡುವೆವೆಂದು ಮಾತುಕೊಟ್ಟಿದ್ದವು. ಆ ದಡದಲ್ಲಿ ಕೆಲವು ಊರುಗಳನ್ನು ಬಿಟ್ಟರೆ ಜನವೆಲ್ಲ ಸ್ಲಾವರು. ೧೯೧೭ರ ಜುಲೈ ತಿಂಗಳಿನಲ್ಲಿ ಸರ್ಬಿಯದ ವೃದ್ಧ ಪ್ರಧಾನಿ ಪಾಶಿಚನೂ ಕ್ರೊವೇಶಿಯದ ನಾಯಕ ತ್ರುಂಬಿಚನೂ ಇದೇ ಕೊರ್ಫುವಿನಲ್ಲಿ ಕೂಡಿ, ದಕ್ಷಿಣದ ಸ್ಲಾವರೆಲ್ಲ ಒಂದು ರಾಜ್ಯವಾಗುವೆವೆಂದು ಸಾರಿದರು. ಹುಟ್ಟಲಿರುವ ಆ ನೆರೆಯವನನ್ನು ಶತ್ರುವಾಗಿ ಪಡೆಯಬೇಕೆ, ಮಿತ್ರನಾಗಿ ಪಡೆಯಬೇಕೆ? ರೋಮಿನಲ್ಲಿ ಕುಳಿತವರಿಗೆ ದಾಲ್ಮೇಶಿಯ ಒಂದು ಭೂಪಟ. ಕೊರ್ಫುವಿನಲ್ಲಿದ್ದವನಿಗೆ ಅದು ನಾಳೆ ಪಕ್ಕದ ಮನೆಯಲ್ಲಿ ಇರಬೇಕಾದ ಜನ.

ಯುದ್ಧ ಮುಗಿದೊಡನೆ ಅವನು ಇಟಲಿಯ ಹೈ ಕಮಿಷನರನಾಗಿ ಕಾನ್‌ಸ್ಟಾಂಟಿನೋಪಲಿಗೆ ಹೋದನು. ಅಲ್ಲಿಂದ ಮರಳಿ, ೧೯೧೯ರಲ್ಲಿ ವಿದೇಶಾಂಗದ ಉಪಮಂತ್ರಿ, ಸೆನೆಟಿನ ಸದಸ್ಯ. ೧೯೨೦ರ ಜೂನ್ ತಿಂಗಳಿನಲ್ಲಿ ವಯೋವೃದ್ಧ ಜೊಲಿತ್ತಿ ಮತ್ತೆ ಪ್ರಧಾನಿಯಾದಾಗ ವಿದೇಶಾಂಗ ಮಂತ್ರಿ.

ಆಗಿನ ಇಟಲಿಯ ಮನಸ್ಥಿತಿಯನ್ನು ತಿಳಿದಲ್ಲದೆ ಅವನ ಕಷ್ಟ ತಿಳಿಯುವುದಿಲ್ಲ. ಯುದ್ಧದಲ್ಲಿ ಆರು ಲಕ್ಷ ತರುಣರನ್ನು ಕಳೆದುಕೊಂಡ ದೇಶ ತನಗೆ ಗೆಲವಿನ ಫಲ ದಕ್ಕಲಿಲ್ಲವೆಂದು ಕುದಿಯುತ್ತಿತ್ತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಕವಿ ದಾನ್ನುಂತ್ಸಿಯೊ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿಕೊಂಡು ಫಿಯೂಮೆ ಬಂದರನ್ನು ಹಿಡಿದು, ಉಪ್ಪರಿಗೆಯ ಮೇಲೆ ನಿಂತು ದಿನದಿನವೂ ಭಾಷಣದ ಬೆಂಕಿಯನ್ನು ಸುರಿಯುತ್ತಿದ್ದನು. ಲಂಡನ್ನಿನ ಒಪ್ಪಂದದಲ್ಲಿ ಫಿಯೂಮೆಯ ಹೆಸರೇ ಇರಲಿಲ್ಲ. ಆದರೂ ಅದಿಲ್ಲದೆ ಇಟಲಿ ಅಂಗವಿಕಲವೆಂದು ಜನ ನಂಬಿದರು. ಇಂಥ ಹೊತ್ತಿನಲ್ಲಿ ಸ್ಫೋರ್ಜಾ ಒಂದೊಂದಾಗಿ ಬಿಡತೊಡಗಿದನು. ಆ ಆಗಸ್ಟಿನಲ್ಲಿ ಆಲ್ಬೇನಿಯದ ವಾಲೋನಾದಿಂದ ಇಟಲಿಯ ಸೈನ್ಯ ಹಿಂದಿರುಗುವ ಒಪ್ಪಂದವಾಯಿತು. ಬಂದರಿನ ಎದುರಿನ ಸಣ್ಣ ದ್ವೀಪವೊಂದೇ ಉಳಿಯಿತು. ನವೆಂಬರ್ ೧೨ರಂದು ರಪಾಲ್ಲೊ ಎಂಬಲ್ಲಿ ಯುಗೊಸ್ಲಾವರೊಡನೆ ಒಡಂಬಡಿಕೆಯಾಯಿತು. ಇಸ್ತ್ರಿಯ, ಜಾರಾ ನಗರ, ಕೆಲವು ದ್ವೀಪಗಳು ಇಟಲಿಗೆ. ಜಾರಾ ಒಂದನ್ನುಳಿದು ದಾಲ್ಮೇಶಿಯದ ನೆಲವೆಲ್ಲ ಯುಗೊಸ್ಲಾವಿಯಕ್ಕೆ. ಫಿಯೂಮೆ ಯಾರಿಗೂ ಸೇರದ ಸ್ವತಂತ್ರ ನಗರ.

ಈ ಒಡಂಬಡಿಕೆಯನ್ನು ಧರ್ಮದ ತಕ್ಕಡಿಯಲ್ಲಿ ತೂಗಿದರೆ ಸ್ಲಾವರಿಗೂ ಅನ್ಯಾಯವಾಗಿತ್ತೆಂದು ಹೇಳಲೇಬೇಕು. ಲಕ್ಷಗಟ್ಟಲೆ ಸ್ಲೊವೀನರೂ ಕ್ರೊವೇಟರೂ ತಮ್ಮನ್ನು ಕೇಳದೆಯೇ ಇಟಲಿಯ ಪ್ರಜೆಗಳಾದರು. ಮುಂದೆ ಫ್ಯಾಸಿಸ್ಟರು ಅವರ ಶಾಲೆಗಳನ್ನು ಮುಚ್ಚಿ, ಅವರ ಮನೆತನದ ಹೆಸರುಗಳನ್ನೂ ಬದಲಿಸಿದರು. ಆದರೆ ಆ ಹೊತ್ತಿನ ಇಟಲಿಯಲ್ಲಿ ಅದಕ್ಕಿಂತ ಹೆಚ್ಚು ಬಿಡುವ ಮಂತ್ರಿ ಒಂದು ದಿನವೂ ಉಳಿಯುತ್ತಿರಲಿಲ್ಲ. ಒಡಂಬಡಿಕೆಯನ್ನು ದಾನ್ನುಂತ್ಸಿಯೊ ಒಪ್ಪಲಿಲ್ಲ. ಆ ವರ್ಷದ ಕ್ರಿಸ್ಮಸ್ ದಿನಗಳಲ್ಲಿ ಇಟಲಿಯ ಸೈನ್ಯವೂ ನೌಕೆಯೂ ಸೇರಿ ಕವಿಯನ್ನು ಫಿಯೂಮೆಯಿಂದ ಹೊರಡಿಸಬೇಕಾಯಿತು. ಇಟಾಲಿಯನ್ನರ ಗುಂಡಿಗೆ ಇಟಾಲಿಯನ್ನರೇ ಬಿದ್ದರು.

ಇದರ ಜೊತೆಗೆ ಇನ್ನೊಂದು ಸಂಗತಿ ಹೊರಬಿದ್ದಿತು. ಫಿಯೂಮೆಗೆ ಅಂಟಿಕೊಂಡಿದ್ದ ಪೋರ್ತೊ ಬಾರೊಸ್ ಎಂಬ ಪುಟ್ಟ ಹಡಗುಕಟ್ಟೆಯನ್ನು ಯುಗೊಸ್ಲಾವಿಯಕ್ಕೆ ಬಿಡುವುದಾಗಿ ಸ್ಫೋರ್ಜಾ ತ್ರುಂಬಿಚನಿಗೆ ಗುಟ್ಟಾಗಿ ಪತ್ರ ಕೊಟ್ಟಿದ್ದನು. ಪತ್ರದ ವಿಷಯ ಬಯಲಾದಾಗ ಪಾರ್ಲಿಮೆಂಟಿನಲ್ಲಿ ಕೋಲಾಹಲವೆದ್ದಿತು. ಪಾರ್ಲಿಮೆಂಟಿಗೆ ಮುಚ್ಚಿಟ್ಟು ಮಾತು ಕೊಟ್ಟದ್ದು ಸರಿಯಲ್ಲ. ಈ ಮಟ್ಟಿಗೆ ವಿರೋಧಿಗಳ ಕೋಪಕ್ಕೆ ಕಾರಣವಿತ್ತು. ೧೯೨೧ರ ಜೂನ್ ತಿಂಗಳಿನಲ್ಲಿ ವಿದೇಶಾಂಗ ನೀತಿಯ ಚರ್ಚೆಯಲ್ಲಿ ಬಹುಮತ ಕರಗಿ ಜೊಲಿತ್ತಿಯ ಮಂತ್ರಿಮಂಡಲವೇ ಹೊರಟುಹೋಯಿತು. ಇತಿಹಾಸದ ವಿನೋದವನ್ನು ನೋಡಿ: ಸ್ಫೋರ್ಜಾನನ್ನು ದೇಶದ್ರೋಹಿಯೆಂದು ಕೂಗಿದ ಗುಂಪಿನ ನಾಯಕನಾದ ಮುಸೊಲಿನಿಯೇ ೧೯೨೪ರ ಜನವರಿಯಲ್ಲಿ ಫಿಯೂಮೆಯನ್ನು ಪಡೆಯುವ ಒಪ್ಪಂದದಲ್ಲಿ ಆ ಪೋರ್ತೊ ಬಾರೊಸನ್ನು ಯುಗೊಸ್ಲಾವಿಯಕ್ಕೆ ಬಿಟ್ಟುಕೊಟ್ಟನು. ಆಗ ಯಾರೂ ಕೂಗಲಿಲ್ಲ. ಕೂಗಬಹುದಾಗಿದ್ದವರ ಬಾಯಿ ಕಟ್ಟುತ್ತ ಬಂದಿತ್ತು.

೧೯೨೨ರಲ್ಲಿ ಸ್ಫೋರ್ಜಾ ಪ್ಯಾರಿಸಿನಲ್ಲಿ ಇಟಲಿಯ ರಾಯಭಾರಿಯಾಗಿದ್ದನು. ರಾಯಭಾರಿಗಳ ಪಂಕ್ತಿಯಲ್ಲಿ ಅದಕ್ಕಿಂತ ಹಿರಿಯ ಆಸನ ಬೇರೆ ಇಲ್ಲ. ಅಕ್ಟೋಬರ್ ೨೮ರಂದು ಕಪ್ಪಂಗಿಯವರು ರೋಮಿನ ಕಡೆಗೆ ನಡೆದರು. ದೊರೆ ಹೆದರಿ ಮುಸೊಲಿನಿಯನ್ನು ಕರೆದು ಪ್ರಧಾನಿಯನ್ನಾಗಿ ಮಾಡಿದನು. ಸುದ್ದಿ ತಿಳಿದೊಡನೆ ಸ್ಫೋರ್ಜಾ ತಂತಿಯ ಮೂಲಕ ರಾಜೀನಾಮೆ ಕಳುಹಿಸಿದನು. ಮುಂದುವರಿಯಬೇಕೆಂದು ಹೊಸ ಪ್ರಧಾನಿ ಒತ್ತಾಯಿಸಿದರೂ ಒಪ್ಪಲಿಲ್ಲ. ಬರ್ಲಿನ್ನಿನಲ್ಲಿದ್ದ ಫ್ರಾಸಾತಿಯೂ ಹೀಗೆಯೇ ಸ್ಥಾನವನ್ನು ತ್ಯಜಿಸಿದನು. ಉಳಿದ ರಾಯಭಾರಿಗಳು ಸರ್ಕಾರ ಬರುತ್ತದೆ, ಹೋಗುತ್ತದೆ, ಸೇವೆ ರಾಜ್ಯಕ್ಕೆ ಎಂಬ ಹಳೆಯ ಸಮಾಧಾನವನ್ನು ಹೇಳಿಕೊಂಡು ಕುಳಿತಲ್ಲಿಯೇ ಕುಳಿತರು. ಆ ಸಮಾಧಾನ ಸುಳ್ಳಲ್ಲ. ಸಾಮಾನ್ಯ ಕಾಲಕ್ಕೆ ಅದೇ ಧರ್ಮ. ಆದರೆ ಕಾಲ ಸಾಮಾನ್ಯವಲ್ಲವೆಂಬುದನ್ನು ಮೊದಲ ವಾರದಲ್ಲಿಯೇ ಗುರುತಿಸಿದವರು ತೀರ ಕೆಲವರು. ಸ್ಫೋರ್ಜಾನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತಂತಿ. ಅವನ ಜಂಬ ಇಲ್ಲಿ ಅವನನ್ನು ಕಾಪಾಡಿತು: ಇಂಥವನ ಕೈಕೆಳಗೆ ನಾನಿರಲಾರೆ ಎಂಬ ಭಾವ ಹೆದರಿಕೆಯನ್ನೂ ಆಸೆಯನ್ನೂ ಒಟ್ಟಿಗೆ ಗೆದ್ದಿತು.

ರಾಜೀನಾಮೆ ಕೊಟ್ಟು ಮನೆಯಲ್ಲಿ ಕುಳಿತವನಲ್ಲ. ಸೆನೆಟಿನಲ್ಲಿ ಅವನ ಸ್ಥಾನ ಇನ್ನೂ ಇತ್ತು. ೧೯೨೪ರ ಜೂನ್ ೧೦ರಂದು ಸಮಾಜವಾದಿ ನಾಯಕ ಮತ್ತೆಯೊತ್ತಿಯನ್ನು ಫ್ಯಾಸಿಸ್ಟರು ಹಿಡಿದೊಯ್ದು ಕೊಂದರು. ಅದೇ ತಿಂಗಳು ಸೆನೆಟ್ ಮುಸೊಲಿನಿಯಲ್ಲಿ ವಿಶ್ವಾಸವನ್ನು ಸೂಚಿಸಿತು: ಪರವಾಗಿ ೨೨೫ ಮತಗಳು, ವಿರುದ್ಧವಾಗಿ ೨೧. ತತ್ತ್ವಜ್ಞಾನಿ ಬೆನೆದೆತ್ತೊ ಕ್ರೋಚೆಯಂಥವನೂ, ಈ ಮನುಷ್ಯ ಹದಕ್ಕೆ ಬಂದಾನೆಂಬ ಆಸೆಯಿಂದ, ಅಂದು ಪರವಾಗಿಯೇ ಮತ ಕೊಟ್ಟನು. ಮುಂದೆ ಅವನೇ ಫ್ಯಾಸಿಸಂನ ಪ್ರಬಲ ವಿರೋಧಿಯಾದನು. ಸ್ಫೋರ್ಜಾ ಆ ಇಪ್ಪತ್ತೊಂದು ಜನರಲ್ಲಿ ಒಬ್ಬನು. ಎರಡು ವರ್ಷಗಳಲ್ಲಿ ಪಕ್ಷಗಳು, ಪತ್ರಿಕೆಗಳು ಎಲ್ಲವೂ ಮುಚ್ಚಿದವು. ಅವನು ದೇಶವನ್ನೇ ಬಿಟ್ಟನು.

ಹದಿನೇಳು ವರ್ಷಗಳಷ್ಟು ಕಾಲದ ದೇಶಭ್ರಷ್ಟತೆ ಅದು. ಹೆಂಡತಿ ಬೆಲ್ಜಿಯಂ ದೇಶದ ಕುಲೀನ ಮನೆತನದವಳಾದುದರಿಂದ ಅಲ್ಲಿಯೂ ಫ್ರಾನ್ಸಿನಲ್ಲಿಯೂ ನೆಲೆ ಸಿಕ್ಕಿತು. ಲೇಖನಿಯೇ ಆಯುಧವಾಯಿತು. ಆಧುನಿಕ ಯೂರೋಪನ್ನು ಕಟ್ಟಿದವರನ್ನು ಕುರಿತು ೧೯೩೦ರಲ್ಲಿ ಒಂದು ಪುಸ್ತಕ ಬರೆದನು. ಕೊರ್ಫುವಿನ ಗೆಳೆಯ ಪಾಶಿಚನನ್ನು ಕುರಿತು ೧೯೪೦ರಲ್ಲಿ ಇನ್ನೊಂದು. ಕಂಡ ವ್ಯಕ್ತಿಗಳನ್ನು ಕೆಲವೇ ಗೆರೆಗಳಲ್ಲಿ ಬರೆದು ನಿಲ್ಲಿಸುವ ಶಕ್ತಿ ಅವನಿಗಿತ್ತು. ಆ ಚಿತ್ರಗಳ ಮೂಲೆಯಲ್ಲೆಲ್ಲ ತನ್ನನ್ನೂ ಬರೆದುಕೊಳ್ಳುವ ಚಾಪಲ್ಯವೂ ಇತ್ತು. ೧೯೩೭ರ ಜೂನ್ ತಿಂಗಳಿನಲ್ಲಿ ಕಾರ್ಲೊ ರೊಸ್ಸೆಲ್ಲಿಯನ್ನೂ ಅವನ ತಮ್ಮನನ್ನೂ ಫ್ರಾನ್ಸಿನಲ್ಲಿ ಕೊಲ್ಲಿಸಿದಾಗ, ದೇಶ ತೊರೆದು ಬಂದ ಇಟಾಲಿಯನ್ನರ ಕಣ್ಣು ಈ ಮುದಿ ಕೌಂಟನ ಕಡೆಗೆ ತಿರುಗಿತು. ೧೯೪೦ರಲ್ಲಿ ಫ್ರಾನ್ಸ್ ಬಿದ್ದಾಗ ಅವನು ಇಂಗ್ಲೆಂಡಿಗೆ ದಾಟಿ ಅಮೆರಿಕವನ್ನು ಸೇರಿದನು. ೧೯೪೨ರ ಆಗಸ್ಟಿನಲ್ಲಿ ದಕ್ಷಿಣ ಅಮೆರಿಕದ ಮಾಂಟೆವಿಡಿಯೊ ನಗರದಲ್ಲಿ ಸೇರಿದ ಸ್ವತಂತ್ರ ಇಟಲಿಯವರ ಸಭೆ ಅವನನ್ನು ನಾಯಕನೆಂದು ಒಪ್ಪಿತು. ಮುಂದಿನ ಇಟಲಿ ಪ್ರಜಾಸತ್ತೆಯ ಗಣರಾಜ್ಯವಾಗಬೇಕೆಂದು ಸಾರಿತು.

೧೯೪೩ರ ಶರತ್ಕಾಲದಲ್ಲಿ ಅವನು ತಾಯ್ನಾಡಿಗೆ ಮರಳಿದಾಗ ಇಟಲಿ ಎರಡು ಹೋಳಾಗಿತ್ತು. ಉತ್ತರದಲ್ಲಿ ಜರ್ಮನರು, ದಕ್ಷಿಣದಲ್ಲಿ ಮಿತ್ರಸೈನ್ಯದ ನೆರಳಿನಲ್ಲಿ ದೊರೆ ವಿಕ್ಟರ್ ಇಮ್ಯಾನ್ಯುಯೆಲನೂ ಮಾರ್ಷಲ್ ಬದೊಲ್ಯೊನ ಸರ್ಕಾರವೂ. ಬ್ರಿಟಿಷ್ ಎಂಟನೆಯ ಸೈನ್ಯದೊಡನೆ ಭಾರತೀಯ ದಳಗಳೂ ಆ ವರ್ಷಗಳಲ್ಲಿ ಇಟಲಿಯ ಬೆಟ್ಟಗಳಲ್ಲಿ ಕಾದಿದವು. ದಾರಿಯಲ್ಲಿ ಲಂಡನ್ನಿನಲ್ಲಿ ಚರ್ಚಿಲನ ಭೇಟಿಯಾಗಿತ್ತು. ಜರ್ಮನರ ವಿರುದ್ಧ ಹೋರಾಡುವವರೆಗೆ ಬದೊಲ್ಯೊವಿಗೆ ಅಡ್ಡಿ ಮಾಡೆನೆಂದು ಸ್ಫೋರ್ಜಾ ಅಮೆರಿಕದ ಸರ್ಕಾರಕ್ಕೆ ಬರೆದುಕೊಟ್ಟಿದ್ದನು. ಚರ್ಚಿಲ್ ಅದನ್ನು ದೊರೆಗೂ ಕೊಟ್ಟ ಮಾತೆಂದು ತಿಳಿದನು. ಸ್ಫೋರ್ಜಾ ಹಾಗೆ ತಿಳಿಯಲಿಲ್ಲ. ನೇಪಲ್ಸಿಗೆ ಬಂದವನೇ ಕ್ರೋಚೆಯೊಡನೆ ಕೂಡಿ, ಮುಸೊಲಿನಿಯನ್ನು ಇಪ್ಪತ್ತು ವರ್ಷ ಹೊತ್ತ ದೊರೆ ಸಿಂಹಾಸನವನ್ನು ಬಿಡಬೇಕೆಂದು ಒತ್ತಾಯಿಸಿದನು. ರಾಜಮನೆತನದ ಅತ್ಯುಚ್ಚ ಬಿರುದನ್ನು ಧರಿಸಿ, ಸಂಪ್ರದಾಯದಂತೆ ದೊರೆಗೆ ದಾಯಾದಿ ಎನ್ನಿಸಿಕೊಂಡಿದ್ದವನ ಬಾಯಿಂದ ಬಂದ ಮಾತು ಅದು.

ಚರ್ಚಿಲ್ ಇದನ್ನು ಕ್ಷಮಿಸಲಿಲ್ಲ. ೧೯೪೪ರ ಕೊನೆಯಲ್ಲಿ ಹೊಸ ಮಂತ್ರಿಮಂಡಲ ರಚನೆಯಾಗುವಾಗ ಸ್ಫೋರ್ಜಾ ವಿದೇಶಾಂಗ ಮಂತ್ರಿಯಾಗಕೂಡದೆಂದು ಬ್ರಿಟನ್ ಅಡ್ಡ ಬಂದಿತು. ಇಟಾಲಿಯನ್ನರ ವಿಷಯವನ್ನು ಇಟಾಲಿಯನ್ನರಿಗೇ ಬಿಡಬೇಕೆಂದು ಅಮೆರಿಕ ಬಹಿರಂಗವಾಗಿ ಭಿನ್ನಾಭಿಪ್ರಾಯ ಸೂಚಿಸಿದರೂ ಫಲವಾಗಲಿಲ್ಲ. ಮಾತು ತಪ್ಪಿದವನೆಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿಯೇ ಅವನನ್ನು ದೂಷಿಸಿದನು. ಇಬ್ಬರ ಕಡೆಯ ಕಾಗದಗಳನ್ನೂ ಓದಿದರೆ, ಪತ್ರದ ಅಕ್ಷರ ಸ್ಫೋರ್ಜಾನ ಕಡೆಗಿದೆ, ಅದು ಹುಟ್ಟಿಸಿದ ನಂಬಿಕೆ ಚರ್ಚಿಲನ ಕಡೆಗಿದೆ ಎನ್ನಿಸುತ್ತದೆ. ಪೋರ್ತೊ ಬಾರೊಸಿನ ಪತ್ರದಂತೆಯೇ ಇಲ್ಲಿಯೂ ರಾಯಭಾರಿಯ ನಯ ಅವನಿಗೇ ಮುಳುವಾಯಿತು. ಅಧಿಕಾರ ಕೈತಪ್ಪಿದರೂ ದೊರೆಯ ವಿಷಯದಲ್ಲಿ ಅವನು ಹಿಂದೆಗೆಯಲಿಲ್ಲ. ೧೯೪೬ರ ಜೂನ್ ೨ರಂದು ಜನಮತ ನಡೆದು ಇಟಲಿ ಗಣರಾಜ್ಯವಾಯಿತು.

೧೯೪೭ರ ಫೆಬ್ರವರಿಯಲ್ಲಿ ದೆ ಗಾಸ್ಪೆರಿಯ ಮಂತ್ರಿಮಂಡಲದಲ್ಲಿ ಅವನು ಮತ್ತೊಮ್ಮೆ ವಿದೇಶಾಂಗ ಮಂತ್ರಿಯಾದನು. ಇಪ್ಪತ್ತಾರು ವರ್ಷಗಳ ಬಳಿಕ ಅದೇ ಖಾತೆ. ಕೆಲವೇ ದಿನಗಳಲ್ಲಿ, ಫೆಬ್ರವರಿ ೧೦ರಂದು, ಪ್ಯಾರಿಸಿನಲ್ಲಿ ಶಾಂತಿಸಂಧಿಗೆ ಇಟಲಿಯ ಸಹಿ ಬಿದ್ದಿತು. ಇಸ್ತ್ರಿಯದ ಬಹುಭಾಗ, ಫಿಯೂಮೆ, ಜಾರಾ ಎಲ್ಲವೂ ಹೋದವು. ಟ್ರಿಯೆಸ್ಟ್ ನಗರವನ್ನು ಪ್ರತ್ಯೇಕ ಪ್ರದೇಶವಾಗಿಸಿದರು. ಆಫ್ರಿಕದ ವಸಾಹತುಗಳ ಮೇಲಿನ ಹಕ್ಕು ಅಳಿಯಿತು. ಮೂವತ್ತಾರು ಕೋಟಿ ಡಾಲರುಗಳ ದಂಡ ಬಿದ್ದಿತು. ರಪಾಲ್ಲೊವಿನಲ್ಲಿ ಸಾಕಾಗಲಿಲ್ಲವೆಂದು ಜನ ಯಾವುದನ್ನು ಜರೆದಿದ್ದರೊ, ಅದೂ ಉಳಿಯಲಿಲ್ಲ. ಒಂದು ಲಕ್ಷಕ್ಕೂ ಮೀರಿದ ಇಟಾಲಿಯನ್ನರು ಆ ದಡದ ಮನೆಮಾರುಗಳನ್ನು ತೊರೆದು ಬಂದರು. ಗಳಿಸಿದವನ ಕೈಯಿಂದಲೇ ಕಳೆದುದಕ್ಕೆ ಮುದ್ರೆ ಹಾಕಿಸುವ ವಿಧಿಯ ಕ್ರೌರ್ಯವನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಸಂಧಿಯನ್ನು ಅಂಗೀಕರಿಸಬೇಕೆಂದು ಸ್ಫೋರ್ಜಾ ಸಂವಿಧಾನ ಸಭೆಯ ಮುಂದೆ ವಾದಿಸಿದಾಗ ಎದುರು ನಿಂತವರು ಸಾಮಾನ್ಯರಲ್ಲ. ಮೊದಲನೆಯ ಯುದ್ಧದ ಪ್ರಧಾನಿ ಒರ್ಲಾಂದೊ ಒಬ್ಬನು, ಹಳೆಯ ಸಂಗಾತಿ ಕ್ರೋಚೆ ಇನ್ನೊಬ್ಬನು. ಅವರು ರಾಷ್ಟ್ರದ ಮಾನವನ್ನು ಕುರಿತು ಮಾತನಾಡಿದರು. ಸ್ಫೋರ್ಜಾ ರಾಷ್ಟ್ರದ ನಾಳೆಯನ್ನು ಕುರಿತು ಮಾತನಾಡಿದನು. ಸಹಿ ಹಾಕದ ಇಟಲಿ ಸೋತ ದೇಶವಾಗಿಯೇ ಹೊರಗೆ ನಿಂತಿರುತ್ತದೆ. ಒಪ್ಪಿಕೊಂಡ ಇಟಲಿ ಸರೀಕರ ಪಂಕ್ತಿಗೆ ಮರಳುತ್ತದೆ. ಜುಲೈ ತಿಂಗಳ ಕೊನೆಯ ದಿನ ಸಭೆ ಸಂಧಿಯನ್ನು ಒಪ್ಪಿತು. ಮರುವರ್ಷ ರಾಷ್ಟ್ರಾಧ್ಯಕ್ಷ ಪದವಿಗೆ ದೆ ಗಾಸ್ಪೆರಿ ಅವನ ಹೆಸರನ್ನು ಮುಂದಿಟ್ಟಾಗ ಸ್ವಪಕ್ಷದವರೇ ಕೆಲವರು ಕೈಕೊಟ್ಟರು. ೧೯೪೮ರ ಮೇ ೧೧ರಂದು ಐನಾವುದಿ ಆರಿಸಿಬಂದನು. ಸ್ಫೋರ್ಜಾ ತನ್ನ ಖಾತೆಯಲ್ಲಿಯೇ ಮುಂದುವರಿದನು.

ಆದರೆ ಬಿಡಲು ಬಲ್ಲವನೆಂದು ನಾನು ಹೊಗಳುತ್ತಿರುವ ಇವನೂ ಒಂದೆಡೆ ಬಿಡಲಾರದೆ ಹೋದನು. ಅದನ್ನು ಮುಚ್ಚಿಡುವುದು ಚರಿತ್ರೆಗೆ ದ್ರೋಹ. ಫ್ಯಾಸಿಸ್ಟರಿಗೂ ಹಿಂದೆ ದೊರೆತ ಲಿಬಿಯ, ಎರಿಟ್ರಿಯ, ಸೊಮಾಲಿಯಗಳಲ್ಲಿ ಇಟಲಿಗೆ ಪಾಲು ಉಳಿಯಬೇಕೆಂದು ಅವನು ಹಟ ಹಿಡಿದನು. ೧೯೪೯ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಮಂತ್ರಿ ಬೆವಿನನೊಡನೆ ಒಪ್ಪಂದ ಮಾಡಿಕೊಂಡನು: ಲಿಬಿಯವನ್ನು ಮೂರು ಪಾಲು ಮಾಡಿ, ಸಿರೆನೈಕವನ್ನು ಬ್ರಿಟನ್ನಿಗೂ, ಫೆಜ್ಜಾನನ್ನು ಫ್ರಾನ್ಸಿಗೂ, ಟ್ರಿಪೊಲಿಟೇನಿಯವನ್ನು ಇಟಲಿಗೂ ಹತ್ತು ವರ್ಷಗಳ ಪಾಲಕತ್ವಕ್ಕೆ ಒಪ್ಪಿಸುವುದು. ಟ್ರಿಪೊಲಿಯ ಬೀದಿಗಳಲ್ಲಿ ಜನ ಸಿಡಿದೆದ್ದರು. ವೃದ್ಧ ನಾಯಕ ಒಮರ್ ಮುಖ್ತಾರನನ್ನು ೧೯೩೧ರಲ್ಲಿ ಗಲ್ಲಿಗೇರಿಸಿದ ರಾಜ್ಯವನ್ನು, ಅದರ ಮಂತ್ರಿ ಬದಲಾದನೆಂದು, ಅವರು ಮತ್ತೆ ಒಪ್ಪುವುದು ಹೇಗೆ?

ವಿಶ್ವಸಂಸ್ಥೆಯಲ್ಲಿ ಇಟಲಿಗೆ ಆಗ ಸದಸ್ಯತ್ವವೂ ಇರಲಿಲ್ಲ. ಮತಕ್ಕೆ ಹಾಕಿದಾಗ ಟ್ರಿಪೊಲಿಟೇನಿಯದ ಅಂಶಕ್ಕೆ ಪರವಾಗಿ ೩೩, ವಿರುದ್ಧವಾಗಿ ೧೭ ಮತಗಳು ಬಿದ್ದವು. ಮೂರನೆಯ ಎರಡು ಪಾಲಿಗೆ ಒಂದೇ ಒ೦ದು ಮತ ಕಡಮೆ. ಹೈಟಿ ದೇಶದ ಪ್ರತಿನಿಧಿ ಸೇಂಟ್ ಲೊ ಎಂಬ ಕರಿಯ ವಕೀಲ ವಿರುದ್ಧವಾಗಿ ಕೊಟ್ಟ ಮತ ಅದನ್ನು ಮುರಿಯಿತು. ಅದು ಮುರಿದೊಡನೆ ಇಡೀ ಯೋಜನೆ ಬಿದ್ದುಹೋಯಿತು. ಆ ಬಳಿಕ ಸ್ಫೋರ್ಜಾ ದಿಕ್ಕನ್ನು ಬದಲಿಸಿ, ಅದೇ ವರ್ಷ ಲಿಬಿಯದ ಸ್ವಾತಂತ್ರ್ಯವನ್ನು ತಾನೂ ಬೆಂಬಲಿಸಿದನು. ೧೯೫೧ರ ಡಿಸೆಂಬರ್ ೨೪ರಂದು ಲಿಬಿಯ ಸ್ವತಂತ್ರವಾಯಿತು. ದಾಲ್ಮೇಶಿಯದ ಸ್ಲಾವನಲ್ಲಿ ನಾಳಿನ ನೆರೆಯವನನ್ನು ಕಂಡ ಕಣ್ಣಿಗೆ ಆಫ್ರಿಕದ ಅರಬನಲ್ಲಿ ಅದು ಕಾಣಲು ಸೋಲು ಬೇಕಾಯಿತು. ಪರಾಧೀನತೆಯನ್ನು ಉಂಡ ನಾವು ಈ ವ್ಯತ್ಯಾಸವನ್ನು ಗಮನಿಸದೆ ಇರಲಾರೆವು.

ಅವನು ಕಡೆಯದಾಗಿ ಬಿಟ್ಟದ್ದು ಎಲ್ಲಕ್ಕಿಂತ ಹಿರಿದು. ೧೯೪೯ರ ಏಪ್ರಿಲ್ ೪ರಂದು ವಾಷಿಂಗ್ಟನ್ನಿನಲ್ಲಿ ಅಟ್ಲಾಂಟಿಕ್ ಒಪ್ಪಂದಕ್ಕೂ, ಮೇ ೫ರಂದು ಲಂಡನ್ನಿನಲ್ಲಿ ಯೂರೋಪ್ ಪರಿಷತ್ತಿನ ಸ್ಥಾಪನೆಗೂ ಇಟಲಿಯ ಪರವಾಗಿ ಅವನು ಸಹಿ ಹಾಕಿದನು. ಫ್ರಾನ್ಸಿನೊಡನೆ ಸುಂಕದ ಗಡಿಯನ್ನೇ ಅಳಿಸುವ ಒಪ್ಪಂದಕ್ಕಾಗಿ ದುಡಿದನು; ಅದು ಕೈಗೂಡಲಿಲ್ಲ. ೧೯೫೧ರ ಏಪ್ರಿಲ್ ೧೮ರಂದು ಪ್ಯಾರಿಸಿನಲ್ಲಿ ಶೂಮನ್, ಅಡೆನೌರ್ ಮೊದಲಾದವರೊಡನೆ ಕುಳಿತು ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಒಡಂಬಡಿಕೆಗೆ ಸಹಿ ಹಾಕಿದನು. ಫಿರಂಗಿಗಳನ್ನು ಎರಕ ಹೊಯ್ಯುವ ಆ ಎರಡು ಪದಾರ್ಥಗಳ ಮೇಲಿನ ಪರಮಾಧಿಕಾರವನ್ನು ಆರು ರಾಷ್ಟ್ರಗಳು ಒಂದು ಸಾಮಾನ್ಯ ಮಂಡಲಿಗೆ ಒಪ್ಪಿಸಿದವು. ಜುಲೈ ತಿಂಗಳಿನಲ್ಲಿ ಅನಾರೋಗ್ಯದಿಂದ ಖಾತೆಯನ್ನು ದೆ ಗಾಸ್ಪೆರಿಗೆ ಒಪ್ಪಿಸಿದನು. ೧೯೫೨ರ ಸೆಪ್ಟೆಂಬರ್ ೪ರಂದು, ಎಂಬತ್ತರ ಹೊಸ್ತಿಲಿನಲ್ಲಿ, ರೋಮಿನಲ್ಲಿ ತೀರಿಕೊಂಡನು. ಅವನೊಡನೆ ಕೂಡಿಯೂ ಅವನನ್ನು ಎದುರಿಸಿಯೂ ಬಾಳಿದ ಕ್ರೋಚೆ ಅದೇ ವರ್ಷದ ನವೆಂಬರಿನಲ್ಲಿ ಕಣ್ಮುಚ್ಚಿದನು.

ಕವೂರನಂತೆ ರಾಜ್ಯವನ್ನು ಕಟ್ಟಿದವನೆಂದು ಸ್ಫೋರ್ಜಾನನ್ನು ಕರೆಯುವಂತಿಲ್ಲ. ಅವನ ಒಡಂಬಡಿಕೆಗಳಲ್ಲಿ ಕೆಲವು ನಾಲ್ಕು ವರ್ಷವೂ ಬಾಳಲಿಲ್ಲ. ಆದರೂ ಏಡ್ರಿಯಾಟಿಕ್ ದಡದ ಇಂದಿನ ಸ್ಥಿತಿಯನ್ನು ವಿದ್ಯಾರ್ಥಿಗಳು ಒಮ್ಮೆ ಭೂಪಟದಲ್ಲಿ ನೋಡಬೇಕೆಂದು ನನ್ನ ಆಸೆ. ಅಂದು ಆರು ರಾಷ್ಟ್ರಗಳು ಕೂಡಿ ತೊಡಗಿದ ಸಮುದಾಯ ಬೆಳೆದು ಯೂರೋಪಿನ ಒಕ್ಕೂಟವಾಯಿತು. ಯುಗೊಸ್ಲಾವಿಯ ಒಡೆದು ಹುಟ್ಟಿದ ಸ್ಲೊವೀನಿಯ ೨೦೦೪ರಲ್ಲಿ, ಕ್ರೊವೇಶಿಯ ೨೦೧೩ರಲ್ಲಿ ಅದನ್ನು ಸೇರಿದವು. ರಪಾಲ್ಲೊವಿನಲ್ಲಿ ಎದುರುಬದುರಾಗಿ ಕುಳಿತವರ ಮೊಮ್ಮಕ್ಕಳು ಇಂದು ಒಂದೇ ಒಕ್ಕೂಟದ ಪ್ರಜೆಗಳು. ಫಿಯೂಮೆ ಈಗ ಕ್ರೊವೇಶಿಯದ ರಿಯೇಕ ಎಂಬ ಬಂದರು. ಮಂತ್ರಿಮಂಡಲವೊಂದರ ಬೇರನ್ನು ಅಲುಗಿಸಿದ ಪೋರ್ತೊ ಬಾರೊಸ್ ಆ ಬಂದರಿನ ಒಂದು ಮೂಲೆ. ಅದು ಯಾರದೆಂದು ಈಗ ಯಾರೂ ಜಗಳವಾಡುವುದಿಲ್ಲ.